ಮಳೆಗಾಲದ ನಾಯಿ ವಾಕಿಂಗ್‌ಗೆ ನಾನು ಬೂಟು ಆರಿಸಿದ್ದು ಹೀಗೆ

ಕೊಡಗಿನ ನಮ್ಮ ನಾಪೋಕ್ಲು ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಸರಿಯಾಗಿ ಬಿಡುವುದಿಲ್ಲ. ಕಕ್ಕಡ ತಿಂಗಳಲ್ಲಂತೂ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಕೇಳುವುದೇ ಬೇಡ. ಆದರೆ ನಾಯಿಗೆ ಕಕ್ಕಡವೂ ಒಂದೇ, ಬೇಸಿಗೆಯೂ ಒಂದೇ. ಬೆಳಕು ಹರಿಯುತ್ತಲೇ ನಮ್ಮ ಕರಿಯ ಬಾಗಿಲು ಕೆರೆಯುತ್ತಾನೆ. ಕಾಫಿ ತೋಟದ ದಾರಿ, ಗದ್ದೆ ಬದು, ತೋಡು, ಮತ್ತೆ ಏರು ಹತ್ತಿ ಮನೆ. ಇಷ್ಟೂ ಸುತ್ತಲೇಬೇಕು.

ಬೂಟು ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು, ನೀರು ಒಳಗೆ ಬರುತ್ತಾ ಅಂತ. ನನ್ನ ಪ್ರಕಾರ ಅದು ಸುಲಭದ ಪ್ರಶ್ನೆ. ತೂತಿಲ್ಲದ ಯಾವ ಗಂಬೂಟೂ ನೀರು ಬಿಡುವುದಿಲ್ಲ. ಇಳಿಜಾರಿನಲ್ಲಿ ನಾಯಿ ಜಗ್ಗಿದಾಗ ಕಾಲು ನಿಲ್ಲುತ್ತಾ? ನಾನು ನೋಡುವುದು ಅದನ್ನು.

ಬೆಂಗಳೂರಿನ ನೆಂಟರು ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಶೂ ತಗೋ ಅಂದರು. ನೀರು ತಡೆದು ಬೆವರಿನ ಆವಿ ಮಾತ್ರ ಹೊರಗೆ ಬಿಡುವ ಗೋರ್‌ಟೆಕ್ಸ್ ಥರದ ಪದರ ಇರುವ ಶೂ ಕೆಟ್ಟದ್ದೇನಲ್ಲ. ಆದರೆ ತೋಡು ದಾಟುವಾಗ ನೀರು ಪಾದದ ಗಂಟು ಮೀರಿತೋ, ಮೇಲಿನಿಂದ ಒಳಗೆ ಸುರಿಯುತ್ತದೆ. ಒಳಗೆ ಬಂದ ನೀರನ್ನು ಅದೇ ಪದರ ಹೊರಗೆ ಹೋಗಲು ಬಿಡುವುದಿಲ್ಲ. ಇನ್ನು ಬೆವರಿನ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಣಗಿರಬೇಕು. ಜುಲೈ ತಿಂಗಳ ಕೊಡಗಿನಲ್ಲಿ ಒಣ ಗಾಳಿ ಎಲ್ಲಿಂದ ತರೋಣ? ಆ ಶೂ ಒದ್ದೆಯಾದರೆ ಮಾರನೇ ದಿನಕ್ಕೂ ಒಣಗುವುದಿಲ್ಲ. ಹಾಗಾಗಿ ತೋಟದ ಕೆಲಸಗಾರರು ಹಾಕುವ ಮೊಣಕಾಲುದ್ದದ ಗಂಬೂಟೇ ಸಾಕು ಅಂತ ತೀರ್ಮಾನಿಸಿ, ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ಅಂಗಡಿ ಅಂಗಡಿ ಸುತ್ತಿದೆ.

ಬೂಟನ್ನು ಮೊದಲು ಮಗುಚಿ ಅಡಿ ನೋಡಿ. ಅಡಿಯ ಹಲ್ಲುಗಳು ಆಳವಾಗಿರಬೇಕು. ಅದಕ್ಕಿಂತ ಮುಖ್ಯ, ಹಲ್ಲುಗಳ ನಡುವೆ ಜಾಗ ಇರಬೇಕು. ಒತ್ತೊತ್ತಾಗಿದ್ದರೆ ನಮ್ಮ ಅಂಟು ಮಣ್ಣು ಅಲ್ಲೇ ಕಚ್ಚಿಕೊಂಡು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಡಿ ನುಣ್ಣಗಾಗುತ್ತದೆ. ಹಿಮ್ಮಡಿ ಬೇರೆಯಾಗಿ, ಚೂಪು ಅಂಚಿನೊಂದಿಗೆ ಎದ್ದಿರಬೇಕು. ಇಳಿಯುವಾಗ ಮಣ್ಣಿಗೆ ನಾಟಿಕೊಳ್ಳುವುದು ಅದೇ. ಆಮೇಲೆ ಅಡಿಯನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿ ಪ್ಲಾಸ್ಟಿಕ್ಕಿನಂತಿದ್ದರೆ ಪಾಚಿ ಹಿಡಿದ ಕಲ್ಲಿನ ಮೇಲೆ, ಕಾಫಿ ಕಣದ ಸಿಮೆಂಟಿನ ಮೇಲೆ ಗ್ಯಾರಂಟಿ ಜಾರುತ್ತದೆ. ಮೆತ್ತಗಿರುವುದು ಬೇಗ ಸವೆಯುತ್ತದೆ, ನಿಜ. ಸವೆಯಲಿ ಬಿಡಿ, ಸೊಂಟ ಮುರಿಯುವುದಕ್ಕಿಂತ ಅದು ಅಗ್ಗ.

ಅಳತೆಯದ್ದೇ ನನಗೆ ದೊಡ್ಡ ತಲೆನೋವಾಗಿದ್ದು. ಹೆಂಗಸರ ಕಾಲಿಗೆ ಆಗುವ ಸಣ್ಣ ನಂಬರ್ ಸಿಗುವುದೇ ಅಪರೂಪ. "ಅಕ್ಕ, ಐದು ಇಲ್ಲ. ಆರು ತಗೊಳ್ಳಿ, ಎರಡು ಸಾಕ್ಸ್ ಹಾಕಿದ್ರೆ ಆಯ್ತು" ಅಂದರು ಒಬ್ಬರು. ಹಾಕಿಕೊಂಡು ನಡೆದರೆ ಹಿಮ್ಮಡಿ ಒಳಗೇ ಎದ್ದೆದ್ದು ಬರುತ್ತಿತ್ತು. ಅಂಥ ಬೂಟು ಗದ್ದೆ ಕೆಸರಲ್ಲಿ ಹೂತುಕೊಂಡರೆ ಕಾಲು ಮಾತ್ರ ಮೇಲೆ ಬರುತ್ತದೆ! ಬೇಡ ಅಂದು ಮುಂದಿನ ಅಂಗಡಿಗೆ ಹೋದೆ. ಕೊನೆಗೆ ಐದೇ ಸಿಕ್ಕಿತು. ಉಣ್ಣೆ ಸಾಕ್ಸ್ ಮನೆಯಿಂದಲೇ ಒಯ್ದಿದ್ದೆ. ಅದನ್ನು ಹಾಕಿ, ಅಂಗಡಿಯ ಮೆಟ್ಟಿಲು ಇಳಿದು, ಬೆರಳು ಮುಂದಕ್ಕೆ ತಾಗುತ್ತಾ ಅಂತ ನೋಡಿ, ಆಮೇಲೆ ದುಡ್ಡು ಕೊಟ್ಟೆ. ಸಡಿಲ ಬೂಟು ನಮ್ಮ ಊರಲ್ಲಿ ಬೇಡ ಅನ್ನಲು ಇನ್ನೊಂದು ಕಾರಣ ಆನೆ. ನಾಯಿ ಆನೆಗೆ ಬೊಗಳುತ್ತದೆ, ಆನೆ ಅಟ್ಟಿಸಿಕೊಂಡು ಬಂದರೆ ನೇರ ನಮ್ಮ ಹತ್ತಿರವೇ ಓಡಿ ಬರುತ್ತದೆ. ತೋಟದಲ್ಲಿ ಆನೆ ಇದೆ ಅಂತ ಸುದ್ದಿ ಬಂದ ದಿನ ನಾವು ಅಂಗಳ ದಾಟುವುದಿಲ್ಲ. ಸುದ್ದಿ ಬರದ ದಿನವೂ ಓಡಲು ಆಗುವ ಬೂಟೇ ಇರಲಿ, ಅಲ್ವಾ?

ರಬ್ಬರ್ ಒಳ್ಳೆಯದೋ ಪಿವಿಸಿ ಒಳ್ಳೆಯದೋ ಅಂತ ಕೇಳುತ್ತಾರೆ. ರಬ್ಬರ್ ಬಳುಕುತ್ತದೆ, ಒದ್ದೆ ನೆಲ ಚೆನ್ನಾಗಿ ಹಿಡಿಯುತ್ತದೆ. ಪಿವಿಸಿ ಅಗ್ಗ, ಆದರೆ ಪಾದ ಮಡಚುವ ಜಾಗದಲ್ಲಿ ಕ್ರಮೇಣ ಬಿರುಕು ಬಿಡುತ್ತದೆ. ನಾನು ತಗೊಂಡಿದ್ದು ರಬ್ಬರ್. ಇಲ್ಲಿ ತೋಟದವರು ಒಂದು ವಿಷಯ ಗಮನಿಸಬೇಕು. ಮೆಣಸಿನ ಬಳ್ಳಿಗೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, ಆ ಮೈಲುತುತ್ತಿನಲ್ಲಿರುವ ತಾಮ್ರ ಸಹಜ ರಬ್ಬರಿಗೆ ಶತ್ರು. ತಾಮ್ರ ತಾಗಿದ ರಬ್ಬರ್ ಬೇಗ ಹಳತಾಗಿ ಅಂಟಂಟಾಗುತ್ತದೆ, ಇಲ್ಲವೇ ಸೀಳುತ್ತದೆ. ಡೀಸೆಲ್, ಆಯಿಲ್ ಬಿದ್ದರೆ ಉಬ್ಬುತ್ತದೆ. ಔಷಧಿ ಹೊಡೆಯುವ ಕೆಲಸಕ್ಕೆ ನಮ್ಮ ಮನೆಯಲ್ಲಿ ಹಳೆಯ ಪಿವಿಸಿ ಜೋಡಿ ಇದೆ. ವಾಕಿಂಗ್ ಬೂಟು ಆ ಕಡೆ ಹೋಗುವುದೇ ಇಲ್ಲ.

ಜಿಗಣೆಗೆ ಗಂಬೂಟು ಅಡ್ಡಿಯೇನಲ್ಲ. ನುಣ್ಣನೆಯ ರಬ್ಬರ್ ಮೇಲೂ ಹತ್ತಿ, ಬೂಟಿನ ಬಾಯಿಯ ಅಂಚಿನಿಂದ ಒಳಗೆ ಇಳಿಯುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ ಲೀಚ್ ಸಾಕ್ಸನ್ನು ಪ್ಯಾಂಟಿನ ಮೇಲೆ ಮೊಣಕಾಲ ತನಕ ಎಳೆದು ಕಟ್ಟಿ, ಆಮೇಲೆ ಬೂಟು ಹಾಕುತ್ತೇನೆ. ಮಳೆ ಪ್ಯಾಂಟು ಮಾತ್ರ ಬೂಟಿನ ಹೊರಗೆ ಬರಬೇಕು. ಒಳಗೆ ಸೇರಿಸಿದರೆ ಮೇಲಿನ ನೀರೆಲ್ಲ ಬೂಟಿಗೇ ಇಳಿಯುತ್ತದೆ.

ಇನ್ನು ಇಲಿ ಜ್ವರ. ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ ಬರುವ ಕಾಯಿಲೆ ಇದು. ಕಾಲಿನ ಗಾಯದಿಂದ ಅಥವಾ ನೀರಲ್ಲಿ ನೆಂದು ಮೆತ್ತಗಾದ ಚರ್ಮದಿಂದ ಒಳಗೆ ಹೋಗುತ್ತದೆ. ಗದ್ದೆ ನೀರಲ್ಲಿ ಚಪ್ಪಲಿ ಹಾಕಿ ಓಡಾಡುವವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಾಯಿಗೂ ಬರುತ್ತದೆ, ಅದಕ್ಕೆ ಕರಿಯನಿಗೆ ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕಿಸುತ್ತೇವೆ. ನಾಯಿಗೆ ಬೂಟು? ಸುಮ್ನೆ ದುಡ್ಡು ದಂಡ. ಕೆಸರಲ್ಲೇ ಕಳಚಿ ಬೀಳುತ್ತದೆ. ಮನೆಗೆ ಬಂದ ಮೇಲೆ ಬೆರಳ ಸಂದಿ, ಕಿವಿ, ಮೂಗು ನೋಡಿ, ಪಾದ ತೊಳೆದು ಒರೆಸಿದರೆ ಸಾಕು.

ಬೂಟನ್ನು ಒಲೆ ಪಕ್ಕ ಇಡಬೇಡಿ, ಬಿಸಿಗೆ ರಬ್ಬರ್ ಬಿರಿಯುತ್ತದೆ. ಒಳಗೆ ಹಳೆಯ ಪೇಪರ್ ತುರುಕಿ, ಒದ್ದೆಯಾದ ಹಾಗೆ ಬದಲಾಯಿಸಿ. ಒಳಗಿನ ಅಟ್ಟೆ ತೆಗೆದು ಬೇರೆ ಒಣಗಿಸಿ. ರಾತ್ರಿ ಜಗಲಿಯಲ್ಲಿ ತಲೆಕೆಳಗಾಗಿ ಇಡಿ. ಬೆಳಿಗ್ಗೆ ಹಾಕುವ ಮುಂಚೆ ಒಮ್ಮೆ ಕೊಡವಿ, ಕಪ್ಪೆಯೋ ಚೇಳೋ ಒಳಗೆ ಹೊಕ್ಕಿರಬಹುದು.