ಪ್ರವಚನದಲ್ಲಿ ಮಕ್ಕಳ ಕಿವಿಗೊಂದು ಕೆಲಸ

ಉದ್ದದ ಪ್ರವಚನಕ್ಕೆ ಹೋಗುವಾಗ ಒಂದು ಚೀಟಿಯಲ್ಲಿ ಮೂರು ಪದ ಬರೆದು ಪೆನ್ಸಿಲ್ ಜೊತೆ ಮಗುವಿನ ಕೈಗೆ ಕೊಡಿ, ಆ ಪದ ಕಿವಿಗೆ ಬಿದ್ದಾಗಲೆಲ್ಲ ಅದರ ಮುಂದೆ ಒಂದು ಗೆರೆ ಎಳೆಯಬೇಕು, ಅಷ್ಟೇ. ಗುಟ್ಟಿರುವುದು ಪದ ಆರಿಸುವುದರಲ್ಲಿ. ಒಂದು ಪದೇ ಪದೇ ಬರುವಂಥದ್ದು, ದೇವರು, ಮನಸ್ಸು, ಹೀಗೆ. ಇನ್ನೊಂದು ಆಗೀಗ ಬರುವಂಥದ್ದು. ಮೂರನೆಯದು ಆನೆ, ದೋಣಿ ತರಹದ್ದು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಮೊದಲನೆಯದು ಕೈಗೆ ಕೆಲಸ ಕೊಡುತ್ತದೆ, ಕೊನೆಯದಕ್ಕಾಗಿ ಕಿವಿ ಕಾಯುತ್ತಲೇ ಇರುತ್ತದೆ. 'ಸುಮ್ನೆ ಕೂತ್ಕೋ' ಅಂದರೆ ಪಾಪ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ ಅಲ್ವಾ? ಓದಲು ಬಾರದವರಿಗೆ ಪದದ ಬದಲು ಪುಟ್ಟ ಚಿತ್ರ ಬರೆದುಕೊಡಿ. ಅಕ್ಕ ತಮ್ಮ ಇಬ್ಬರೂ ಇದ್ದರೆ ಬೇರೆ ಬೇರೆ ಪದ ಕೊಡಿ, ಇಲ್ಲವಾದರೆ 'ನಂದು ಜಾಸ್ತಿ' ಅಂತ ಅಲ್ಲೇ ಜಗಳ. ಗೆರೆಗೊಂದು ಚಾಕೊಲೇಟ್ ಅಂತ ಆಸೆ ತೋರಿಸಬೇಡಿ, ಕೇಳದಿದ್ದರೂ ಗೆರೆ ಬೀಳುತ್ತವೆ. ಸ್ಕೆಚ್ ಪೆನ್ ಬೇಡವೇ ಬೇಡ, ಅದರ ಮುಚ್ಚಳ ಉರುಳುವುದು ಸರಿಯಾಗಿ ಎಲ್ಲರೂ ಕಣ್ಣು ಮುಚ್ಚಿ ಕೂತಾಗಲೇ. ಸ್ವಲ್ಪ ಹೊತ್ತಾದ ಮೇಲೆ ಕೆಲವು ಮಕ್ಕಳು ಅರ್ಥದ ಗೋಜಿಗೆ ಹೋಗದೆ ಬರೀ ಎಣಿಸತೊಡಗುತ್ತಾರೆ, ಆಗ ಚೀಟಿ ತಿರುಗಿಸಿ, ಈಗ ಕೇಳಿದ ಕಥೆಯಲ್ಲಿ ಒಂದು ದೃಶ್ಯ ಬಿಡಿಸು ಅನ್ನಿ. ತೀರಾ ಚಿಕ್ಕವರಿಗೆ ಇದು ನಡೆಯುವುದಿಲ್ಲ. ಮಗುವಿಗೆ ಬಾರದ ಭಾಷೆಯಲ್ಲಿ ಮಾತಾಡುತ್ತಿದ್ದರೂ ಅಷ್ಟೇ. ನಿದ್ದೆ ಬಂದಿದ್ದರೆ ಮಾತ್ರ ಚೀಟಿ ಪಕ್ಕಕ್ಕಿಟ್ಟು ತೊಡೆ ಮೇಲೆ ಮಲಗಿಸಿಕೊಳ್ಳಿ.