ಇಂಗುಬಾವಿ ತೋಡಿಸಿ, ಆದರೆ ಒಳಗೆ ಜಲ್ಲಿ ತುಂಬಬೇಡಿ

ಬೆಂಗಳೂರಿನಲ್ಲಿ 30x40 ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಹಾಗಾಗಿ ಎಲ್ಲರೂ ಮಳೆನೀರನ್ನು ನೆಲದೊಳಗೆ ಇಳಿಸುವ ಒಂದು ಇಂಗುಬಾವಿ ಮಾಡಿಸುತ್ತಾರೆ. ಒಳ್ಳೆಯದೇ. ಆದರೆ ಎಷ್ಟೋ ಮನೆಗಳಲ್ಲಿ ಬಾವಿ ತೋಡಿ, ಅದರ ತುಂಬ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು, ಇದ್ದಿಲು ಅಂತ ಪದರ ಪದರವಾಗಿ ಸುರಿದು ಮುಚ್ಚಿರುತ್ತಾರೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮರಳಿನ ಮೇಲೆ ಕೆಸರು ಕಟ್ಟುತ್ತದೆ, ನೀರು ಇಳಿಯುವುದೇ ಇಲ್ಲ. ಕ್ಲೀನ್ ಮಾಡೋಣ ಅಂದರೆ ಅಷ್ಟನ್ನೂ ಹೊರಗೆ ತೆಗೆಯಬೇಕು, ಯಾರು ತೆಗೆಯುತ್ತಾರೆ? ಬಾವಿ ಖಾಲಿ ಇರಬೇಕು. ಸೋಸುವ ಕೆಲಸವೆಲ್ಲ ಬಾವಿಯ ಹೊರಗೇ ಮುಗಿಯಬೇಕು.

ಮೊದಲು ಲೆಕ್ಕ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 100 ಚದರ ಮೀಟರ್ ತಾರಸಿ ಇದ್ದರೆ, ಒಂದಷ್ಟು ಹೋಯಿತು ಅಂದುಕೊಂಡರೂ, 80 ಸಾವಿರ ಲೀಟರ್ ಸಿಗುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ತರುವ ಊರು ನಮ್ಮದು, ತಲೆ ಮೇಲೆ ಬಿದ್ದ ನೀರನ್ನು ಮಾತ್ರ ರಸ್ತೆಗೆ ಬಿಟ್ಟು ರಾಜಕಾಲುವೆ ತುಂಬಿಸುತ್ತೇವೆ. ಮೂರು ಅಡಿ ಅಗಲ, 20 ಅಡಿ ಆಳದ ಬಾವಿಯಲ್ಲಿ 4 ಸಾವಿರ ಲೀಟರ್ ಹಿಡಿಯುತ್ತದೆ. ಒಂದೇ ಸಂಜೆ 50 ಮಿ.ಮೀ. ಸುರಿದರೆ ನಿಮ್ಮ ತಾರಸಿಯಿಂದ ಬರುವುದು 5 ಸಾವಿರ. ಸುರಿಯುತ್ತಿರುವಾಗಲೇ ಒಂದಷ್ಟು ಇಂಗುವುದರಿಂದ ಬಹುಪಾಲು ನಿಭಾಯಿಸಬಹುದು. ಅದೇ ಬಾವಿಗೆ ಜಲ್ಲಿ, ಮರಳು ತುಂಬಿದರೆ ನೀರಿಗೆ ಅರ್ಧ ಜಾಗವೂ ಉಳಿಯುವುದಿಲ್ಲ.

ಜಾಗ: ಪಾಯದಿಂದ ದೂರ, ಟಾಯ್ಲೆಟ್ ಪಿಟ್ ಮತ್ತು ಒಳಚರಂಡಿ (ಯುಜಿಡಿ) ಚೇಂಬರ್‌ನಿಂದ ಇನ್ನೂ ದೂರ. ಗೇಟಿನ ಪಕ್ಕದ ಮೂಲೆ ಸಾಮಾನ್ಯವಾಗಿ ಸರಿಹೋಗುತ್ತದೆ.

ತೋಡುವುದಕ್ಕೆ ಬಾವಿ ಕೆಲಸ ಗೊತ್ತಿರುವವರನ್ನೇ ಕರೆಯಿರಿ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡ ಸಮುದಾಯದವರು ಬೆಂಗಳೂರಿನ ಸುತ್ತಮುತ್ತ ಇದ್ದಾರೆ, ಅವರಿಗೆ ಮಣ್ಣು ಎಲ್ಲಿ ಕುಸಿಯುತ್ತದೆ ಅನ್ನುವುದು ಕೈಗೇ ಗೊತ್ತು. ಆಳದ ವಿಷಯದಲ್ಲಿ ಮಾತ್ರ ನೀವೇ ನಿಂತು ನೋಡಿ. ಬಾಂಡ್ಲಿಯಲ್ಲಿ ಮೇಲೆ ಬಂದ ಮಣ್ಣನ್ನು ಸ್ವಲ್ಪ ನೀರು ಹಾಕಿ ಅಂಗೈಯಲ್ಲಿ ಉಜ್ಜಿ. ಅಂಟಿಕೊಂಡು ಶಾವಿಗೆಯ ಹಾಗೆ ಎಳೆ ಬಂದರೆ ಇನ್ನೂ ಜೇಡಿ, ಅಲ್ಲಿ ನಿಲ್ಲಿಸಿದರೆ ನೀರು ಇಂಗುವುದಿಲ್ಲ. ತರಿತರಿಯಾಗಿ ಪುಡಿಯಾಗಿ ಉದುರಿದರೆ ಸರಿ. ‘10 ಅಡಿ ಸಾಕು ಬಿಡಿ ಸಾರ್’ ಅಂತ ಕಾಂಟ್ರಾಕ್ಟರ್ ಹೇಳಿದರೆ ಒಪ್ಪಬೇಡಿ.

ತೋಡಿದ ಮೇಲೆ ಸಿಮೆಂಟ್ ರಿಂಗ್ ಇಳಿಸುತ್ತಾರೆ. ರಿಂಗುಗಳ ಸಂದಿಗೆ ಸಿಮೆಂಟ್ ಮೆತ್ತಬಾರದು. ತಳಕ್ಕೆ ಕಾಂಕ್ರೀಟ್ ಹಾಕಲೇಬಾರದು. ಮೇಸ್ತ್ರಿಗೆ ಕೈ ಸುಮ್ನೆ ಇರುವುದಿಲ್ಲ, ನೀಟಾಗಿ ಕಾಣಲಿ ಅಂತ ಪ್ಲಾಸ್ಟರ್ ಮಾಡಿಬಿಡುತ್ತಾನೆ, ಆಮೇಲೆ ಅದು ಇಂಗುಬಾವಿ ಅಲ್ಲ, ತೊಟ್ಟಿ. ಜಲ್ಲಿಗೆ ಜಾಗ ಇರುವುದು ರಿಂಗಿಗೂ ಮಣ್ಣಿಗೂ ನಡುವೆ, ಹೊರಸುತ್ತಿನಲ್ಲಿ. ಅಲ್ಲಿ 40 ಎಂ.ಎಂ. ಜಲ್ಲಿ ತುಂಬಿಸಿ.

ಈಗ ನಿಜವಾದ ಕೆಲಸ: ಫಿಲ್ಟರ್ ಚೇಂಬರ್. ಎಲ್ಲರೂ ಎಡವುವುದು ಇಲ್ಲೇ. ಬಾವಿಗೆ ಮೊದಲು, ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ಇಟ್ಟಿಗೆ ಚೇಂಬರ್ ಕಟ್ಟಿಸಿ, ಮಧ್ಯೆ ಅರ್ಧ ಎತ್ತರದ ಗೋಡೆ ಹಾಕಿಸಿ ಎರಡು ಮನೆ (ಭಾಗ) ಮಾಡಿಸಿ. ತಾರಸಿಯ ಪೈಪು ಮೊದಲ ಮನೆಗೆ ಬೀಳಬೇಕು. ಅಲ್ಲಿ ನೀರು ಒಂದು ಕ್ಷಣ ನಿಂತು, ಮಣ್ಣು ತಳಕ್ಕೆ ಕೂತು, ತಿಳಿ ಮಾತ್ರ ಗೋಡೆ ಹತ್ತಿ ಎರಡನೇ ಮನೆಗೆ ದಾಟಬೇಕು. ಎರಡನೇ ಮನೆಯಲ್ಲಿ ತೊಳೆದ ಜಲ್ಲಿ. ಆ ಜಲ್ಲಿಯನ್ನು ಹಾಗೇ ಸುರಿಯಬೇಡಿ, ನೈಲಾನ್ ಬಲೆಯ ಚೀಲಗಳಲ್ಲಿ ಕಟ್ಟಿ ಜೋಡಿಸಿ, ಒಬ್ಬರೇ ಎತ್ತುವಷ್ಟು ಭಾರ ಇರಲಿ. ಬಾವಿಗೆ ಹೋಗುವ ಪೈಪು ಚೇಂಬರಿನ ತಳಕ್ಕಿಂತ ಅರ್ಧ ಅಡಿ ಮೇಲೆ, ನಾಲ್ಕು ಇಂಚಿನದೇ ಆಗಿರಲಿ. ಎರಡಿಂಚಿನ ಪೈಪಿಗೆ ಜೋರು ಮಳೆ ತಡೆಯುವುದಿಲ್ಲ, ಚೇಂಬರ್ ಉಕ್ಕಿ ಅಂಗಳ ಕೆರೆಯಾಗುತ್ತದೆ. ಮುಚ್ಚಳವೂ ಹಗುರವಾಗಿರಲಿ. ಇಬ್ಬರು ಬೇಕಾಗುವ ಚಪ್ಪಡಿ ಹಾಕಿಸಿದರೆ ಅದನ್ನು ಯಾರೂ ತೆಗೆಯುವುದಿಲ್ಲ, ಗ್ಯಾರಂಟಿ.

ಗೋಡೆಗೆ ಸಿಕ್ಕಿಸುವ ರೆಡಿಮೇಡ್ ಫಿಲ್ಟರ್ ಸಿಗುತ್ತವೆ. ನೆಲದಡಿಯ ಸಂಪ್ ಟ್ಯಾಂಕಿಗೆ ನೀರು ಬಿಡುವುದಿದ್ದರೆ ದೊಡ್ಡ ಸೈಜಿನದು ಒಳ್ಳೆಯದೇ. ಆದರೆ ಅಗ್ಗಕ್ಕೆ ಸಿಗುವ ಚಿಕ್ಕವು ಹೊಂಗೆ ಎಲೆ ನಾಲ್ಕು ಬಿದ್ದರೆ ಕಟ್ಟಿಕೊಳ್ಳುತ್ತವೆ, ದುಡ್ಡು ದಂಡ. ಇಂಗುಬಾವಿಗೆ ಇದ್ದಿಲೂ ಬೇಡ. ಕಸ ಕಡ್ಡಿ, ಮಣ್ಣು ತಡೆದರೆ ಸಾಕು.

ತಾರಸಿಯಿಂದ ಇಳಿಯುವ ಪೈಪಿನ ಬುಡಕ್ಕೆ ಒಂದು ಎಂಡ್ ಕ್ಯಾಪ್ ಇರಲಿ. ವರ್ಷದ ಮೊದಲ ಮಳೆಗಳಿಗೆ ಅದನ್ನು ತೆಗೆದಿಟ್ಟು ಪಾರಿವಾಳದ ಹಿಕ್ಕೆ, ದೂಳೆಲ್ಲ ಹೊರಗೆ ಹೋಗಲು ಬಿಡಿ. ಬಚ್ಚಲು, ಅಡುಗೆಮನೆ, ವಾಷಿಂಗ್ ಮೆಷಿನ್ ನೀರು ಬಾವಿಗೆ ಬಿಡಲೇಬಾರದು. ಕಾರು ನಿಲ್ಲುವ ಜಾಗದ ನೀರೂ ಬೇಡ, ಅದರಲ್ಲಿ ಆಯಿಲ್ ಇರುತ್ತದೆ. ಕೆಲವರು ಶಾರ್ಟ್‌ಕಟ್ ಅಂತ ತಾರಸಿಯ ಪೈಪನ್ನು ನೇರ ಬೋರ್‌ವೆಲ್ ಕೇಸಿಂಗಿಗೇ ಇಳಿಸುತ್ತಾರೆ. ದಯವಿಟ್ಟು ಬೇಡ. ಮಣ್ಣಿನಲ್ಲಿ ಸೋಸಿಕೊಳ್ಳದೆ ಕೆಳಗೆ ಹೋದ ಗಲೀಜು ನಿಮ್ಮೊಬ್ಬರ ಬೋರಿನಲ್ಲೇ ಉಳಿಯುವುದಿಲ್ಲ, ಪಕ್ಕದ ಮನೆಯವರೂ ಅದನ್ನೇ ಕುಡಿಯಬೇಕಾಗುತ್ತದೆ.

ಬಾವಿ ತುಂಬಿದರೆ ಹೆಚ್ಚಿನ ನೀರು ಹೊರಗೆ ಹೋಗಲು ಓವರ್‌ಫ್ಲೋ ಪೈಪು ಬೇಕು. ಬಾವಿಯ ಬಾಯಿಗೆ ಕಬ್ಬಿಣದ ಗ್ರಿಲ್, ಬೀಗ, ಮೇಲೆ ಚಪ್ಪಡಿ, ಗಾಳಿ ಕಿಂಡಿಗೆ ಸೊಳ್ಳೆ ಜಾಲರಿ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಅಂತ ಬಿಡಬೇಡಿ, ಬಾವಿ ಮುಗಿದ ದಿನವೇ ಹಾಕಿಸಿ.

ಪರೀಕ್ಷೆಗೆ ಟ್ಯಾಂಕರ್ ನೀರು ಸುರಿಯುವವರಿದ್ದಾರೆ, ಅದು ಬೇಕಿಲ್ಲ. ಮೊದಲ ದೊಡ್ಡ ಮಳೆ ನಿಂತ ಕೂಡಲೇ ನೀರಿನ ಮಟ್ಟ ಗುರುತು ಮಾಡಿ, ಮರುದಿನ ಅದೇ ಹೊತ್ತಿಗೆ ನೋಡಿ. ಬಹುಪಾಲು ಇಳಿದಿದ್ದರೆ ಗೆದ್ದಿರಿ. ದಿನಗಟ್ಟಲೆ ಹಾಗೇ ನಿಂತಿದ್ದರೆ ಜೇಡಿ ದಾಟಿಲ್ಲ ಅಂತ ಅರ್ಥ, ತೋಡಿದವರನ್ನೇ ಮತ್ತೆ ಕರೆಸಿ.

ಕಟ್ಟಿಸುವ ಮೊದಲು ಕಣ್ಣಾರೆ ನೋಡಬೇಕು ಅನ್ನುವವರಿಗೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಕಬ್ಬನ್ ಪಾರ್ಕಿನಲ್ಲೂ ಇಂಗುಬಾವಿಗಳಿವೆ. ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಏಪ್ರಿಲ್ ಕೊನೆಯಲ್ಲಿ, ಮಳೆ ಜೋರಾಗುವ ಮೊದಲು, ಚೀಲಗಳನ್ನು ಎತ್ತಿ ತೊಳೆದು, ಚೇಂಬರಿನ ಮೊದಲ ಮನೆಯ ಕೆಸರು ಬಳಿದು ಗಿಡಗಳ ಬುಡಕ್ಕೆ ಹಾಕಿ. ಮಳೆಗಾಲದ ನಡುವೆಯೂ ಒಮ್ಮೆ ಮುಚ್ಚಳ ತೆಗೆದು ನೋಡುತ್ತಿರಿ.