ಕಂಬಗಳ ಬುಡದಲ್ಲಿ ಇಳಿತ: ತೋನ್ಸೆಪಾರಿಗೆ ಮಕ್ಕಳನ್ನು ಮಧ್ಯಾಹ್ನ ಕರೆದೊಯ್ದ ನನ್ನ ಅನುಭವ

ಉಡುಪಿಯ ಬಳಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪಕ್ಕೆ, ಅಂದರೆ ತೋನ್ಸೆಪಾರಿಗೆ, ಶಾಲಾ ಮಕ್ಕಳನ್ನು ಬೆಳಗಿನ ಮೊದಲ ದೋಣಿಯಲ್ಲೇ ಕರೆದೊಯ್ಯಬೇಕು, ಬಿಸಿಲೇರುವ ಮೊದಲೇ ಮಲ್ಪೆಗೆ ಮರಳಬೇಕು ಎಂಬುದು ನಮ್ಮ ಕಡೆಯ ಶಿಕ್ಷಕರ ರೂಢಿ. ನಾನು ಮಧ್ಯಾಹ್ನದ ದೋಣಿಯಲ್ಲಿ, ಅದೂ ಹುಣ್ಣಿಮೆಗೋ ಅಮಾವಾಸ್ಯೆಗೋ ಎರಡು ದಿನ ಇರುವಾಗ, ಕಡಲಿನ ಇಳಿತವನ್ನು ತೋರಿಸುವುದಕ್ಕೆಂದೇ ಆರು ಮತ್ತು ಏಳನೇ ತರಗತಿಯ ಮಕ್ಕಳನ್ನು ಒಯ್ಯುತ್ತೇನೆ ಎಂದಾಗ ಎರಡು ಆಕ್ಷೇಪಗಳು ಬಂದವು. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಲು ಒರಟಾಗಿರುತ್ತದೆ, ಮಕ್ಕಳನ್ನು ಇಳಿಸಬಾರದು ಎಂದು ಪಾಲಕರಲ್ಲಿ ಹಿರಿಯರಾದವರು ಹೇಳಿದರು. ಸಹೋದ್ಯೋಗಿಗಳು ಹೇಳಿದ್ದು ಬೇರೆ: ಗುಜರಾತಿನ ಭಾವನಗರದಲ್ಲಾದರೆ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ 10 ಮೀಟರ್ ದಾಟುತ್ತದೆ, ನಮ್ಮಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರವಿಳಿತದ ದಿನಗಳಲ್ಲೂ ಅದು ಒಂದೂವರೆ ಮೀಟರಿನ ಆಸುಪಾಸು, ಅದರಲ್ಲಿ ಮಕ್ಕಳಿಗೆ ತೋರಿಸುವಂಥದ್ದು ಏನಿದೆ?

ಈ ಎರಡನೆಯ ಮಾತಿಗೆ ಉತ್ತರ ದ್ವೀಪದಲ್ಲೇ ಇದೆ. ಮರಳ ದಂಡೆಯಲ್ಲಿ ನೀರು ಎಷ್ಟು ಇಳಿಯಿತು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಲಾವಾ ಆರಿ ಆದ ತೋನ್ಸೆಪಾರಿನ ಕಲ್ಲುಕಂಬಗಳಾದರೋ ನೆಟ್ಟಗೆ ನಿಂತಿವೆ, ಆದ್ದರಿಂದ ಗೇಣುದ್ದ ನೀರು ಇಳಿದರೂ ಅಳೆದು ಹೇಳಬಹುದು. ಅಷ್ಟೇ ಅಲ್ಲ, ಯಾವ ಜೀವಿ ದಿನಕ್ಕೆ ಎಷ್ಟು ಹೊತ್ತು ನೀರಿಲ್ಲದೆ ತಾಳಬಲ್ಲದು ಎಂಬುದು ಕಂಬದ ಮೈಮೇಲೆ ಪಟ್ಟೆ ಪಟ್ಟೆಯಾಗಿ ಬರೆದಿರುತ್ತದೆ. ಮೇಲೆ ಕಪ್ಪು ಪಾಚಿಯ ಒಣ ಪಟ್ಟೆ, ಅದರ ಕೆಳಗೆ ಕಲ್ಲಿಗೆ ಅಂಟಿಕೊಂಡೇ ಬದುಕುವ ಒರಟು ಚಿಪ್ಪಿನ ಪುಟ್ಟ ಜೀವಿಗಳಾದ ಬಾರ್ನಕಲ್‌ಗಳು, ಆಮೇಲೆ ಕಲ್ಲಿಗೆ ಕಚ್ಚಿಕೊಂಡ ಸಿಂಪಿ, ಬುಡದಲ್ಲಿ ಹಸಿರು ಪಾಚಿ. ಬೆಳಗಿನ ದೋಣಿಯಲ್ಲಿ ಹೋದವರು ಬಹುತೇಕ ನೋಡುವುದು ಕಂಬಗಳ ತಲೆಯನ್ನು ಮಾತ್ರ. ಬುಡವನ್ನು ನೋಡಬೇಕಾದರೆ ಇಳಿತವೇ ಬೇಕು.

ದಿನದ ಲೆಕ್ಕ ಹೀಗಿದೆ. ಹುಣ್ಣಿಮೆ ಅಮಾವಾಸ್ಯೆಗಳಂದು ಮಲ್ಪೆಯಲ್ಲಿ ಇಳಿತ ಬೀಳುವುದು ಬೆಳಗಿನ ಜಾವ ಮತ್ತು ಸಂಜೆ ಸುಮಾರು 5 ಗಂಟೆಗೆ. ಅಷ್ಟು ಹೊತ್ತಿಗೆ ಪ್ರವಾಸಿ ದೋಣಿಗಳು ಕೊನೆಯ ಸುತ್ತಿನಲ್ಲಿರುತ್ತವೆ. ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತ ಹೋಗುವುದರಿಂದ, ಎರಡು ಮೂರು ದಿನ ಮೊದಲಿನ ದ್ವಾದಶಿ, ತ್ರಯೋದಶಿಗಳಂದು ಅದು ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯೊಳಗೆ ಸಿಗುತ್ತದೆ. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಹೊರಟರೆ ಒಂದೂ ಕಾಲಿಗೆ ಮಲ್ಪೆ, ಎರಡಕ್ಕೆ ದ್ವೀಪ. ನವೆಂಬರಿನಿಂದ ಫೆಬ್ರವರಿಯ ತನಕದ ನಾಲ್ಕು ತಿಂಗಳಲ್ಲಿ ಇಂಥ ತಿಥಿಗೆ ಕೂಡಿಬರುವ ಶನಿವಾರಗಳು ಮೂರೋ ನಾಲ್ಕೋ ಮಾತ್ರ. ಆದ್ದರಿಂದ ಗೋಡೆಯ ಪಂಚಾಂಗ ನೋಡಿ ಜೂನ್‌ನಲ್ಲೇ ಗುರುತು ಹಾಕಿಡುತ್ತೇನೆ. ತಿಥಿಯೊಂದನ್ನೇ ನಂಬಿದರೂ ಸಾಲದು. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ. ಒಂದು ಆಳಕ್ಕೆ ಹೋದರೆ ಇನ್ನೊಂದು ಅರ್ಧಕ್ಕೇ ನಿಲ್ಲುತ್ತದೆ. ಉಬ್ಬರವಿಳಿತದ ಪಟ್ಟಿಯಲ್ಲಿ ಮಧ್ಯಾಹ್ನದ ಇಳಿತದ ನೀರಿನ ಮಟ್ಟ 0.3 ಮೀಟರಿನ ಸುತ್ತ ಇದ್ದರೆ ಹೊರಡುತ್ತೇನೆ, 0.6 ಎಂದಿದ್ದರೆ ಆ ಶನಿವಾರವನ್ನು ಬಿಟ್ಟುಬಿಡುತ್ತೇನೆ.

ಕಡಲು ಒರಟಾಗಿರುತ್ತದೆ ಎಂಬ ಹಿರಿಯರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದು ನಿಜ, ಪಡುವಣ ಮಗ್ಗುಲಿನಲ್ಲಿ ಅಲೆ ಬಡಿಯುವುದೂ ನಿಜ. ಹಾಗಾಗಿ ಮಕ್ಕಳು ಇಳಿಯುವುದೆಲ್ಲ ದ್ವೀಪದ ಮೂಡಣ ಮಗ್ಗುಲಿನ ಮರೆಯಲ್ಲಿ ಮಾತ್ರ. ಪಡುವಣ ಕಂಬಗಳನ್ನು ದೂರದಿಂದ ತೋರಿಸುತ್ತೇನೆ. ಏಪ್ರಿಲ್ ಮತ್ತು ಮೇ ತಿಂಗಳನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ. ಗಾಳಿಯೇ ಇಲ್ಲದ ದಿನವೂ ದೂರದ ದಕ್ಷಿಣ ಸಾಗರದಿಂದ ಬರುವ ಉದ್ದನೆಯ ಅಲೆಗಳು, ಕೇರಳದವರು ಕಳ್ಳಕ್ಕಡಲ್ ಎನ್ನುವಂಥವು, ಆಗಲೇ ಹೆಚ್ಚು. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆಯ ಅಲೆಯ ಎಚ್ಚರಿಕೆಯನ್ನು ಹಿಂದಿನ ಸಂಜೆ ನೋಡದೆ ನಾನು ಬಸ್ಸಿನವರಿಗೆ ಹೊರಡಲು ಹೇಳುವುದಿಲ್ಲ.

ಹೆಚ್ಚು ಕಾಡಿದ್ದು ಕಡಲಲ್ಲ, ದೋಣಿಯ ಭರ್ತಿ. ಮಧ್ಯಾಹ್ನ ಪ್ರವಾಸಿಗರು ಕಡಿಮೆ. ಸುಮಾರು 30 ಜನ ಆಗದೆ ದೋಣಿ ಹೊರಡುವುದಿಲ್ಲ. ನಮ್ಮದು ದೊಡ್ಡವರೂ ಸೇರಿ ಇಪ್ಪತ್ತರ ಮೇಲೆ ಸ್ವಲ್ಪ. ಒಮ್ಮೆ ಉಳಿದ ಸೀಟುಗಳು ತುಂಬಲಿ ಎಂದು ಕಾದು ಕುಳಿತು, ದ್ವೀಪ ಮುಟ್ಟುವಾಗ ನೀರು ಆಗಲೇ ಏರತೊಡಗಿತ್ತು. ಮಕ್ಕಳು ಚಿಪ್ಪು ನೋಡಿ ಮರಳಿದರು. ಇನ್ನೊಮ್ಮೆ ಖಾಲಿ ಸೀಟುಗಳ ಹಣವನ್ನೂ ಕೊಟ್ಟು ಹೊರಟೆವು. ತಲೆಗೆ 300 ರೂಪಾಯಿಯ ಮೇಲಿದ್ದ ದರದಲ್ಲಿ ಅದು ಎರಡೂವರೆ ಸಾವಿರದಷ್ಟು ಹೆಚ್ಚುವರಿ ಹೊರೆಯಾಯಿತು, ಮತ್ತು ಅದು ಪಾಲಕರಿಂದ ಕೇಳುವಂಥ ಹಣವೂ ಆಗಿರಲಿಲ್ಲ. ಪಕ್ಕದ ಊರಿನ ಶಾಲೆಯನ್ನು ಜೊತೆಗೆ ಸೇರಿಸಿಕೊಂಡ ಮೇಲೆ ಈ ತೊಂದರೆ ತೀರಿತು. ಈಗ ಒಟ್ಟು 40ರ ಸುತ್ತ ಜನ. ದೋಣಿಗೆ ಹದಿಮೂರು ಸಾವಿರ, ಬಸ್ಸಿಗೆ ಒಂಬತ್ತು ಸಾವಿರ, ಊಟ ಮತ್ತು ಸಾಮಾನಿಗೆ ಎರಡು ಮೂರು ಸಾವಿರ, ಅಂದರೆ ತಲೆಗೆ ಆರುನೂರು ಚಿಲ್ಲರೆ. ದೋಣಿಯವರು ನಮ್ಮನ್ನು ಕೊನೆಯ ಸುತ್ತಿನ ತನಕ ಅಲ್ಲಿ ಬಿಡಲು ಒಪ್ಪಿದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಸಾಮಾನಿನಲ್ಲಿ ನನಗೆ ಹೆಮ್ಮೆ ಇರುವುದು ನೀರಳೆಯುವ ಪೈಪಿನ ಬಗ್ಗೆ. ಮೊದಲು ಬಣ್ಣದ ಟೇಪು ಸುತ್ತಿದ ಬಿದಿರ ಕೋಲನ್ನು ಕಂಬಗಳ ಸಂದಿನಲ್ಲಿ ನಿಲ್ಲಿಸಿದ್ದೆ. ಕಿರು ಅಲೆ ಬಂದು ಹೋಗುವಾಗಲೆಲ್ಲ ನೀರು ನಾಲ್ಕು ಬೆರಳು ಏರಿಳಿಯುತ್ತಿತ್ತು, ಮಕ್ಕಳಲ್ಲಿ ಒಬ್ಬೊಬ್ಬರದು ಒಂದೊಂದು ಅಂಕಿ. ಆಮೇಲೆ ಎರಡೂವರೆ ಇಂಚಿನ ಪಿವಿಸಿ ಪೈಪಿನ ಅಡಿಬಾಯಿಗೆ ಮುಚ್ಚಳ ಹಾಕಿ, ಬುಡದ ಹತ್ತಿರ ಕಾದ ಮೊಳೆಯಿಂದ ಎರಡೇ ಸಣ್ಣ ತೂತು ಮಾಡಿ, ಒಳಗೆ ಥರ್ಮಾಕೋಲ್ ಬಿಲ್ಲೆಗೆ ಚುಚ್ಚಿದ ತೆಳ್ಳಗಿನ ಬಿದಿರ ಕಡ್ಡಿಯನ್ನು ತೇಲಿಬಿಟ್ಟೆ. ಅಲೆ ಹೊರಗೆ ಎಷ್ಟು ಕುಣಿದರೂ ಸಣ್ಣ ತೂತಿನಿಂದಾಗಿ ಒಳಗಿನ ನೀರು ಅಲುಗುವುದಿಲ್ಲ. ಮೇಲ್ಬಾಯಿಯಿಂದ ಹೊರಗೆ ನಿಂತ ಕಡ್ಡಿ ಮಾತ್ರ ನಿಧಾನವಾಗಿ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಖರ್ಚು ನೂರೈವತ್ತರೊಳಗೆ. ಹತ್ತು ನಿಮಿಷಕ್ಕೊಮ್ಮೆ ಒಬ್ಬ ಹುಡುಗಿ ಓದುವುದು, ಇನ್ನೊಬ್ಬ ಬರೆಯುವುದು. ಮೊದಲ ಗಂಟೆಯಲ್ಲಿ ಹೆಚ್ಚುಕಡಿಮೆ ಒಂದು ಗೇಣು ಇಳಿದ ಕಡ್ಡಿ, ಮೂರು ಗಂಟೆಯ ಹೊತ್ತಿಗೆ ನಿಂತೇ ಬಿಟ್ಟಂತೆ ಕಾಣುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಕಳೆದು ಒಂದು ಗೆರೆಯಷ್ಟು ಮೇಲೆ ಬಂದಾಗ ಇಡೀ ಗುಂಪು ಪೈಪಿನ ಸುತ್ತ ಸೇರುತ್ತದೆ.

ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ ಕಡ್ಡಾಯ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಬರಿಗಾಲಿಗೆ ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಆರು ಮಕ್ಕಳಿಗೆ ಒಬ್ಬ ದೊಡ್ಡವರು, ಮೊಣಕಾಲಿಗಿಂತ ಆಳದ ನೀರಿಗೆ ಇಳಿಯುವಂತಿಲ್ಲ, ಕಡಲಿಗೆ ಬೆನ್ನು ಹಾಕಿ ನಿಲ್ಲುವಂತಿಲ್ಲ.

ಬಾರ್ನಕಲ್ ತೋರಿಸುವ ಕ್ರಮವನ್ನೂ ಹೇಳುತ್ತೇನೆ. ಒಣಗಿದ ಕಂಬದ ಮೇಲೆ ಅವು ಬಾಯಿ ಬಿಗಿದುಕೊಂಡಿರುವುದರಿಂದ ಮಕ್ಕಳು ಅದನ್ನು ಕಲ್ಲೆಂದೇ ತಿಳಿಯುತ್ತಾರೆ. ಪಕ್ಕದ ನೀರುಗುಂಡಿಯಲ್ಲಿ ಮುಳುಗಿರುವ ಗುಂಪೊಂದನ್ನು ಹುಡುಕಿ, ನೀರಿನ ಮೇಲೆ ನೆರಳು ಬೀಳದಂತೆ ಹೊಟ್ಟೆಯ ಮೇಲೆ ಮಲಗಿ, ಎರಡು ನಿಮಿಷ ಉಸಿರು ಬಿಗಿಹಿಡಿದಂತೆ ನೋಡಬೇಕು. ತುದಿಯ ಎರಡು ಕದಗಳು ಬಿರಿದು, ಕಣ್ಣರೆಪ್ಪೆಯಂಥ ಕೂದಲ ಕಾಲುಗಳು ಹೊರಬಂದು ನೀರನ್ನು ಬಾಚಿ ಮತ್ತೆ ಒಳಸೇರುತ್ತವೆ. ನೆರಳು ಹಾಯ್ದ ಕ್ಷಣ ಎಲ್ಲವೂ ಮುಚ್ಚಿಕೊಳ್ಳುತ್ತವೆ. ಪೇಂಟ್ ಡಬ್ಬಿಯ ತಳ ಕತ್ತರಿಸಿ ಅಕ್ರಿಲಿಕ್ ಹಾಳೆ ಅಂಟಿಸಿದ ನೋಟದ ಡಬ್ಬಿ ಇದಕ್ಕೆ ಬಹಳ ನೆರವಾಗುತ್ತದೆ, ಆದರೆ ಅಂಟು ಉಪ್ಪುನೀರಿಗೆ ಬಿಟ್ಟುಕೊಂಡು ಎರಡು ಡಬ್ಬಿ ಹಾಳಾದವು. ಹೂವಿನಂತೆ ಕಾಣುವ ಕಡಲಜೀವಿ ಅನಿಮೋನ್ ಮತ್ತು ಖಾಲಿ ಚಿಪ್ಪಿನಲ್ಲಿ ವಾಸಿಸುವ ಸನ್ಯಾಸಿ ಏಡಿಗಳು ತಪ್ಪದೆ ಸಿಗುವ ಒಂದು ಗುಂಡಿ ನನಗೆ ಗೊತ್ತು. ಅದರ ಜಾಗವನ್ನು ಬರೆಯಲಾರೆ. ಮನೆಯೊಂದರ ಬಚ್ಚಲಿನಷ್ಟೂ ಇಲ್ಲದ ಆ ಗುಂಡಿಗೆ ನೂರು ಕಾಲು ಇಳಿದರೆ ಒಂದೇ ಋತುವಿನಲ್ಲಿ ಅದು ಬರಿದಾಗುತ್ತದೆ.

ಕಂಬಗಳ ಬಗ್ಗೆ ಪಾಠ ಮಾಡುವುದನ್ನು ದ್ವೀಪದಲ್ಲಿ ಬಿಟ್ಟಿದ್ದೇನೆ. ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಡುವ ಕಾಲದ ಲಾವಾ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬುದನ್ನೆಲ್ಲ ತರಗತಿಯಲ್ಲೇ ಮುಗಿಸುತ್ತೇನೆ. ಅಲ್ಲಿ ಮಾಡಿಸುವುದು ಮುಖಗಳ ಎಣಿಕೆ ಮಾತ್ರ. ಎಲ್ಲ ಕಂಬಗಳೂ ಷಟ್ಕೋನ ಎಂದು ನಂಬಿ ಬಂದ ಮಕ್ಕಳಿಗೆ ಐದು ಮುಖದವು ಧಾರಾಳವಾಗಿ, ನಾಲ್ಕು ಮತ್ತು ಏಳು ಮುಖದವು ಅಲ್ಲಲ್ಲಿ ಸಿಕ್ಕಾಗ ವಾದವೇ ಶುರುವಾಗುತ್ತದೆ. ಆ ವಾದವನ್ನು ತೀರಿಸಲು ಮರಳಿದ ಮೇಲೆ ಒಂದು ಪ್ರಯೋಗ ಮಾಡಿದೆವು. ಕಾರ್ನ್‌ಫ್ಲೋರ್ ಮತ್ತು ನೀರನ್ನು ಸಮಸಮ ಕಲಸಿ, ಗಾಜಿನ ಬಟ್ಟಲಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಸುರಿದು, ಮೇಲೆ 60 ವಾಟಿನ ಹಳೆಯ ಬಲ್ಬು ಉರಿಸಿಟ್ಟೆವು. ಸುಮಾರು ಒಂದು ವಾರಕ್ಕೆ ಮುದ್ದೆ ಒಣಗಿ, ಮುರಿದಾಗ ಒಳಗೆ ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ತುಸು ದಪ್ಪನೆಯ ಪುಟ್ಟ ಕಂಬಗಳು ಸಾಲಾಗಿ ನಿಂತಿದ್ದವು, ಅವುಗಳಲ್ಲೂ ಐದು ಮತ್ತು ಆರು ಮುಖದವೇ ಹೆಚ್ಚು. ಮೈದಾಹಿಟ್ಟಿನಲ್ಲಿ ಇದು ಆಗಲಿಲ್ಲ, ಹುಳಿ ಬಂತು. ಎಲ್‌ಇಡಿ ಬಲ್ಬಿನ ಕಾವು ಸಾಲದೆ ಒಂದು ಬಟ್ಟಲು ಬೂಸಲು ಹಿಡಿಯಿತು.

ಮುಂದಿನ ಋತುವಿಗೆ ಕಾಪುವಿನ ಕಡಲತೀರವನ್ನು ಪ್ರಯತ್ನಿಸುವವನಿದ್ದೇನೆ. ದೀಪಸ್ತಂಭದ ಬಂಡೆಗಳಿಗೆ ದೋಣಿಯ ಖರ್ಚಿಲ್ಲ, ಕಾಯುವ ಗೋಜಿಲ್ಲ. ಅಲ್ಲಿಗೆ ಹುಣ್ಣಿಮೆಗೆ ಮೊದಲಿನ ತ್ರಯೋದಶಿಯಲ್ಲ, ಹುಣ್ಣಿಮೆ ಕಳೆದ ಬಿದಿಗೆ ತದಿಗೆ ಬೇಕು. ಆಗ ಬೆಳಗಿನ ಇಳಿತ ಆರೂವರೆಯಿಂದ ಏಳೂವರೆಯೊಳಗೆ, ಕಡಲಗಾಳಿ ಏಳುವ ಮೊದಲೇ ಸಿಗುತ್ತದೆ. ಪೈಪನ್ನು ಅಲ್ಲಿಯ ಬಂಡೆಗೆ ಕಟ್ಟಲು ಉದ್ದನೆಯ ಹಗ್ಗ ಬೇಕಾದೀತು, ಅದನ್ನು ಮಲ್ಪೆ ಬಂದರಿನಲ್ಲಿ ತೂಕಕ್ಕೆ ಮಾರುವ ಹಳೆಯ ಬಲೆಹಗ್ಗದಿಂದಲೇ ಹೊಂದಿಸಿದ್ದೇನೆ.